ಬಾಗಿಲು ತೆರೆದವರು, ಬಾಗಿಲು ಹಾಕಿಕೊಂಡವರು: ‘ಸ್ವೀತ್ ಫ್ರಾಂಸೇಸ್’ ಕಾದಂಬರಿಯ ವಿಮರ್ಶೆ

ಇರೆನ್ ನೆಮಿರೊವ್‌ಸ್ಕಿ ಅವರು ಫ್ರೆಂಚ್‌ನಲ್ಲಿ ಬರೆದ ‘ಸ್ವೀತ್ ಫ್ರಾಂಸೇಸ್’ ಎರಡನೇ ಮಹಾಯುದ್ಧದ ಕಾದಂಬರಿಯೇ ಆದರೂ ಅದರಲ್ಲಿ ರಣರಂಗ ಕಾಣುವುದು ತೀರ ಅಪರೂಪ. ಮನೆಗೆ ಬೀಗ ಹಾಕಿ, ಕೈಗೆ ಸಿಕ್ಕಿದ್ದನ್ನು ಗಂಟುಕಟ್ಟಿಕೊಂಡು, ಎಲ್ಲಿಗೆ ಹೋಗಬೇಕೆಂಬುದೇ ತಿಳಿಯದೆ ರಸ್ತೆಗಿಳಿದ ಸಾಮಾನ್ಯ ಜನರ ಮೇಲೆಯೇ ಅದರ ಗಮನವೆಲ್ಲ ನೆಟ್ಟಿದೆ. ಊಟ, ನಿದ್ರೆ, ಪೆಟ್ರೋಲು, ಮಲಗಲೊಂದು ಮೂಲೆ ಇಷ್ಟಕ್ಕೇ ಬದುಕು ಕುಗ್ಗಿಹೋದಾಗ ಮನುಷ್ಯರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ, ಯಾರಲ್ಲಿ ಮನುಷ್ಯತ್ವ ಉಳಿಯುತ್ತದೆ, ಯಾರಲ್ಲಿ ಒಂದೆರಡು ದಿನಗಳಲ್ಲೇ ಕಳಚಿ ಬೀಳುತ್ತದೆ ಎಂಬುದನ್ನು ಇಷ್ಟು ಸಮೀಪದಿಂದ, ಇಷ್ಟು ನಿರ್ದಾಕ್ಷಿಣ್ಯವಾಗಿ ನೋಡಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ. ನಾನು ಓದಿದ್ದು ಸ್ಯಾಂಡ್ರಾ ಸ್ಮಿತ್ ಅವರ ಇಂಗ್ಲಿಷ್ ಅನುವಾದವನ್ನು. ಈ ವಿಮರ್ಶೆಗೆ ಆಧಾರವೂ ಅದೇ.

ಕಥೆಯ ಹಿನ್ನೆಲೆಯನ್ನು ತಿಳಿದುಕೊಂಡರೆ ಓದು ಸುಲಭವಾಗುತ್ತದೆ. 1940ರ ಮೇ 10ರಂದು ಜರ್ಮನಿಯು ಹಾಲೆಂಡ್, ಬೆಲ್ಜಿಯಂ ಮತ್ತು ಫ್ರಾನ್ಸ್ ಮೇಲೆ ದಾಳಿ ಆರಂಭಿಸಿತು. ಜೂನ್ 10ರಂದು ಫ್ರೆಂಚ್ ಸರ್ಕಾರವೇ ಪ್ಯಾರಿಸ್ ತೊರೆಯಿತು. ಜೂನ್ 14ರಂದು ಜರ್ಮನ್ ಸೇನೆ ನಗರವನ್ನು ಹೊಕ್ಕಿತು. ಜೂನ್ 22ರಂದು ಕದನವಿರಾಮದ ಒಪ್ಪಂದಕ್ಕೆ ಸಹಿ ಬಿತ್ತು. ಈ ಕೆಲವೇ ವಾರಗಳಲ್ಲಿ 60ರಿಂದ 80 ಲಕ್ಷ ಜನರು ದಕ್ಷಿಣದತ್ತ ಹೊರಟರೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಚಾವಣಿಗೆ ಹಾಸಿಗೆ ಕಟ್ಟಿದ ಕಾರುಗಳು, ರೈತರ ಕುದುರೆಗಾಡಿಗಳು, ಸೈಕಲ್ಲುಗಳು, ಸಾಮಾನು ತುಂಬಿದ ಮಕ್ಕಳ ತಳ್ಳುಗಾಡಿಗಳು ಎಲ್ಲವೂ ಒಂದೇ ರಸ್ತೆಯಲ್ಲಿ ಸೇರಿಕೊಂಡು ಆಮೆಗತಿಯಲ್ಲಿ ಸಾಗುತ್ತಿದ್ದವು. ಮೇಲಿನಿಂದ ವಿಮಾನಗಳು ಗುಂಡಿನ ಮಳೆಗರೆಯುತ್ತಿದ್ದವು. ‘ಜೂನ್ ತಿಂಗಳ ಬಿರುಗಾಳಿ’ ಎಂಬ ಮೊದಲ ಭಾಗ ನಡೆಯುವುದು ಈ ರಸ್ತೆಗಳ ಮೇಲೆ. ‘ದೋಲ್ಚೆ’ (‘ಮೃದುವಾಗಿ’ ಎಂಬರ್ಥದ ಸಂಗೀತದ ಪದ) ಎಂಬ ಎರಡನೆಯ ಭಾಗ ನಡೆಯುವುದು ಮರುವರ್ಷ, ಜರ್ಮನ್ ಸೈನಿಕರು ಮನೆಮನೆಯಲ್ಲಿ ಬಿಡಾರ ಹೂಡಿರುವ ಬುಸ್ಸಿ ಎಂಬ ಹಳ್ಳಿಪಟ್ಟಣದಲ್ಲಿ. ಸಂಗೀತ ಕೃತಿಯೊಂದರಂತೆ ಐದು ಭಾಗಗಳಲ್ಲಿ ಬರೆಯಬೇಕೆಂದು ಲೇಖಕಿ ಯೋಜಿಸಿದ್ದರು; ಬರೆದು ಮುಗಿಸಲಾದದ್ದು ಎರಡನ್ನು ಮಾತ್ರ.

ಮೊದಲ ಭಾಗದಲ್ಲಿ ಒಬ್ಬ ನಾಯಕನಿಲ್ಲ. ಪೆರಿಕಾಂ ಎಂಬ ಶ್ರೀಮಂತ, ದೈವಭಕ್ತ ಕುಟುಂಬ, ಗೇಬ್ರಿಯಲ್ ಕೋರ್ತ್ ಎಂಬ ಪ್ರಸಿದ್ಧ ಲೇಖಕ ಮತ್ತು ಅವನ ಪ್ರೇಯಸಿ, ಶಾರ್ಲ್ ಲಾಂಗ್ಲೆ ಎಂಬ ಪಿಂಗಾಣಿ ಸಂಗ್ರಾಹಕ, ಮಿಶೋ ಎಂಬ ಮಧ್ಯಮವರ್ಗದ ದಂಪತಿ, ಹೀಗೆ ಹಲವು ಎಳೆಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಸಾಗುತ್ತವೆ. ಇವರಲ್ಲಿ ಕೋರ್ತ್ ಮತ್ತು ಲಾಂಗ್ಲೆ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸ್ವಂತ ಸುಖದಾಚೆಗೆ ಅವರಿಗೇನೂ ಕಾಣುವುದಿಲ್ಲ. ದಾರಿಯಲ್ಲಿ ಸಿಕ್ಕ ಯುವ ಜೋಡಿಯ ವಿಶ್ವಾಸ ಗಳಿಸಿ, ಅವರು ನಿದ್ರಿಸುವಾಗ ಅವರ ಪೆಟ್ರೋಲನ್ನೇ ಕದ್ದು ಹೊರಟುಹೋಗುವ ಲಾಂಗ್ಲೆಯ ಪ್ರಸಂಗ ಚುರುಕಾಗಿದೆ ನಿಜ, ಆದರೆ ಅವನಿಂದ ನಾವು ಬೇರೇನನ್ನೂ ನಿರೀಕ್ಷಿಸಿರುವುದಿಲ್ಲ. ಓದುಗರನ್ನು ನಿಜವಾಗಿ ಬೆಚ್ಚಿಬೀಳಿಸುವುದು ಪೆರಿಕಾಂ ಕುಟುಂಬ. ಏಕೆಂದರೆ ಆ ಮನೆಯವರು ತಮ್ಮನ್ನು ಒಳ್ಳೆಯವರೆಂದು ಪ್ರಾಮಾಣಿಕವಾಗಿ ನಂಬಿದ್ದಾರೆ, ಮತ್ತು ಶಾಂತಿಯ ದಿನಗಳಲ್ಲಿ ಆ ನಂಬಿಕೆ ಸುಳ್ಳೂ ಆಗಿರಲಿಲ್ಲ.

ಆ ಕುಟುಂಬದ ಒಡತಿ ಶಾರ್ಲೊಟ್ ಪೆರಿಕಾಂ ಮಕ್ಕಳು, ಆಳುಕಾಳು, ಗಾಲಿಕುರ್ಚಿಯಲ್ಲಿರುವ ವೃದ್ಧ ಮಾವ ಮತ್ತು ಆಲ್ಬರ್ಟ್ ಎಂಬ ಬೆಕ್ಕನ್ನೂ ಕಟ್ಟಿಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಹಸಿದ ನಿರಾಶ್ರಿತರನ್ನು ಕಂಡಾಗ ಆಕೆಯ ಹೃದಯ ಕರಗುತ್ತದೆ. ತಮ್ಮ ತಿಂಡಿಯನ್ನು ಹಂಚಿಕೊಳ್ಳುವುದು ಕ್ರೈಸ್ತ ಧರ್ಮದ ಕರ್ತವ್ಯವೆಂದು ಮಕ್ಕಳಿಗೆ ಬೋಧಿಸುತ್ತಾಳೆ, ಮಿಠಾಯಿ ಕೊಡಲು ಅವರನ್ನು ಹುರಿದುಂಬಿಸುತ್ತಾಳೆ. ಬಳಿಕ ಸಾಮಾನು ಕೊಳ್ಳಲೆಂದು ಪೇಟೆಗೆ ಹೋಗುತ್ತಾಳೆ. ಅಂಗಡಿಗಳೆಲ್ಲ ಬರಿದಾಗಿವೆ, ಕೈಯಲ್ಲಿ ಹಣವಿದ್ದರೂ ಕೊಳ್ಳಲು ಏನೂ ಇಲ್ಲ. ಹಿಂದಿರುಗಿ ಬಂದರೆ ಮಕ್ಕಳು ಅಮ್ಮ ಹೇಳಿಕೊಟ್ಟಂತೆಯೇ ಸಿಹಿ ಹಂಚುತ್ತ ನಿಂತಿದ್ದಾರೆ. ಆಕೆ ಸಿಟ್ಟಿನಿಂದ ಅವರನ್ನು ತಡೆದು, ಇನ್ನು ಮುಂದೆ ತಿನಿಸನ್ನು ಮುಟ್ಟಕೂಡದೆಂದು ಗದರಿಸುತ್ತಾಳೆ. ಮಕ್ಕಳಿಗೆ ಏನೊಂದೂ ಅರ್ಥವಾಗುವುದಿಲ್ಲ. ಒಂದು ಪುಟದಷ್ಟು ಜಾಗದಲ್ಲಿ, ಒಂದು ಹನಿ ರಕ್ತ ಬೀಳದೆ, ನೂರಾರು ವರ್ಷಗಳ ಸಂಸ್ಕಾರವೆಂದು ನಾವು ಹೆಮ್ಮೆಪಡುವಂಥದ್ದು ಆ ಮಹಿಳೆಯ ಮೈಮೇಲಿನಿಂದ ಜಾರಿಹೋಗುವುದನ್ನು ಲೇಖಕಿ ತೋರಿಸುತ್ತಾರೆ. ಹಾಗೆಂದು ಆಕೆಯನ್ನು ದುಷ್ಟೆಯನ್ನಾಗಿಸುವುದಿಲ್ಲ. ಆಕೆ ತಾಯಿ, ನಾಳೆ ತನ್ನ ಮಕ್ಕಳಿಗೆ ಏನು ಕೊಡಲಿ ಎಂಬ ಭಯ ಆಕೆಯದು. ಆ ಭಯ ಸುಳ್ಳಲ್ಲವೆಂಬ ಕಾರಣದಿಂದಲೇ ದೃಶ್ಯ ಓದುಗರ ಎದೆಗೆ ತಾಗುತ್ತದೆ.

ಇದಕ್ಕಿಂತ ಭೀಕರವಾದದ್ದು ಮುಂದಿದೆ. ಅವರು ತಂಗಿದ್ದ ಊರಿನಲ್ಲಿ ರಾತ್ರಿ ಸ್ಫೋಟವಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಶಾರ್ಲೊಟ್ ಮಕ್ಕಳನ್ನು ಎಬ್ಬಿಸಿ ಓಡುತ್ತಾಳೆ. ಅಪಾಯದಿಂದ ಪಾರಾದ ಮೇಲೆ ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ: ಮಕ್ಕಳು ಇದ್ದಾರೆ, ಒಡವೆ ಮತ್ತು ಹಣ ಬಟ್ಟೆಯೊಳಗೆ ಭದ್ರವಾಗಿವೆ. ಆಗ ನೆನಪಾಗುತ್ತದೆ, ಮಾವನನ್ನು ಅಲ್ಲಿಯೇ ಮರೆತು ಬಂದಿದ್ದೇವೆ ಎಂದು. ಇಲ್ಲಿ ಲೇಖಕಿ ಗೋಳಾಟವನ್ನು ಬರೆಯುವುದಿಲ್ಲ, ತೀರ್ಪನ್ನೂ ಕೊಡುವುದಿಲ್ಲ. ಮುದುಕನ ಮುಂದಿನ ಗತಿಯನ್ನು ಬೇರೊಂದು ಅಧ್ಯಾಯದಲ್ಲಿ ಕಾಣುತ್ತೇವೆ: ಅಪರಿಚಿತರು ಅವನನ್ನು ಆಶ್ರಮವೊಂದಕ್ಕೆ ಸೇರಿಸಿದ್ದಾರೆ, ಅಲ್ಲಿ ಅವನು ನೋಟರಿಯನ್ನು ಕರೆಸಿ, ಉಸಿರು ನಿಲ್ಲುವ ಮುನ್ನ ಉಯಿಲು ಬರೆಸುತ್ತಾನೆ, ತನ್ನ ಕುಟುಂಬದ ಕೃಪಾಶ್ರಯದಲ್ಲಿ ನಡೆಯುತ್ತಿದ್ದ ಅನಾಥ ಬಾಲಕರ ಸಂಸ್ಥೆಗೆ ದೊಡ್ಡ ಮೊತ್ತವನ್ನು ಬಿಟ್ಟುಹೋಗುತ್ತಾನೆ. ಅದೇ ಹೊತ್ತಿನಲ್ಲಿ ಅವನ ಮೊಮ್ಮಗ, ಪಾದ್ರಿ ಫಿಲಿಪ್, ಅದೇ ಸಂಸ್ಥೆಯ ಬಾಲಕರನ್ನು ಸುರಕ್ಷಿತ ಸ್ಥಳಕ್ಕೆ ಕರೆದೊಯ್ಯುತ್ತಿದ್ದಾನೆ. ಆ ಹುಡುಗರನ್ನು ಪ್ರೀತಿಸಬೇಕೆಂದು ಅವನು ತನ್ನನ್ನು ತಾನೇ ಬಲವಂತಪಡಿಸಿಕೊಳ್ಳುತ್ತಾನೆ. ಪ್ರೀತಿ ಮಾತ್ರ ಹುಟ್ಟುವುದಿಲ್ಲ. ಖಾಲಿ ಬಂಗಲೆಯೊಂದಕ್ಕೆ ನುಗ್ಗಿದವರನ್ನು ತಡೆಯಲು ಹೋದಾಗ ಅವರೆಲ್ಲ ಸೇರಿ ಅವನನ್ನು ಹೊಡೆದು, ಕೊಳಕ್ಕೆ ತಳ್ಳಿ, ಕಲ್ಲೆಸೆದು ಕೊಲ್ಲುತ್ತಾರೆ.

ಈ ಸಾವಿನ ಬಗ್ಗೆ ನನಗೆ ತಕರಾರಿದೆ. ಮೇಲಿನಿಂದ ಕೊಡುವ ದಾನಕ್ಕೂ ಎದುರಿಗಿರುವವನನ್ನು ಮನುಷ್ಯನೆಂದು ಕಾಣುವುದಕ್ಕೂ ಇರುವ ಅಂತರವನ್ನು ಲೇಖಕಿ ಇಲ್ಲಿ ತೋರಿಸಬಯಸಿದ್ದಾರೆ ಎಂಬುದು ಸ್ಪಷ್ಟ. ಆದರೆ ಅಜ್ಜನ ಉಯಿಲು ಮತ್ತು ಮೊಮ್ಮಗನ ಕೊಲೆಯನ್ನು ಅಕ್ಕಪಕ್ಕದಲ್ಲಿಟ್ಟಾಗ ಕಥೆಗಾರ್ತಿಯ ಕೈಚಳಕ ಢಾಳಾಗಿ ಕಾಣಿಸುತ್ತದೆ. ಆ ಹುಡುಗರಲ್ಲಿ ಒಬ್ಬನಿಗೂ ಒಳಗಿನ ಬದುಕಿಲ್ಲ. ಅವರು ಒಟ್ಟಾರೆ ಒಂದು ಕತ್ತಲೆಯ ಗುಂಪು, ಅಷ್ಟೆ. ಬೆಕ್ಕು ಆಲ್ಬರ್ಟ್‌ನ ರಾತ್ರಿಸಂಚಾರಕ್ಕೆ ಒಂದಿಡೀ ಅಧ್ಯಾಯವನ್ನು ಕೊಟ್ಟು, ಹುಲ್ಲಿನ ವಾಸನೆ, ಬೇಟೆಯ ಹಿಗ್ಗು ಎಲ್ಲವನ್ನೂ ಅಷ್ಟು ಸೊಗಸಾಗಿ ಬರೆದ ಲೇಖಕಿ ಆ ಅನಾಥ ಮಕ್ಕಳಲ್ಲಿ ಒಬ್ಬನಿಗಾದರೂ ಅಷ್ಟು ಜಾಗ ಕೊಡಬಹುದಿತ್ತು. ಮನುಷ್ಯತ್ವವನ್ನೇ ವಸ್ತುವಾಗಿ ಉಳ್ಳ ಕೃತಿಯಲ್ಲಿ ಇದು ಸಣ್ಣ ಕೊರತೆಯಲ್ಲ.

ಇನ್ನು ಮಿಶೋ ದಂಪತಿ. ಮೋರಿಸ್ ಮತ್ತು ಜೀನ್ ಒಂದೇ ಬ್ಯಾಂಕಿನ ನೌಕರರು; ಒಬ್ಬನೇ ಮಗ ಜೀನ್-ಮರಿ ಯುದ್ಧಭೂಮಿಯಲ್ಲಿದ್ದಾನೆ. ತೂರ್ ನಗರಕ್ಕೆ ಬಂದು ಕೆಲಸಕ್ಕೆ ಹಾಜರಾಗಬೇಕೆಂದು ಬ್ಯಾಂಕಿನ ಮುಖ್ಯಸ್ಥ ಕೋರ್ಬಾಂ ಆಜ್ಞೆ ಮಾಡಿದ್ದಾನೆ. ತನ್ನ ಕಾರಿನಲ್ಲೇ ಕರೆದೊಯ್ಯುವುದಾಗಿಯೂ ಹೇಳಿದ್ದಾನೆ. ಹೊರಡುವ ಹೊತ್ತಿಗೆ ಅವರ ಜಾಗದಲ್ಲಿ ಅವನ ಪ್ರೇಯಸಿ, ಆಕೆಯ ನಾಯಿ ಮತ್ತು ಪೆಟ್ಟಿಗೆಗಳು ಬಂದು ಕೂರುತ್ತವೆ. ಬರಲೇಬೇಕೆಂಬ ಆಜ್ಞೆ ಮಾತ್ರ ಹಾಗೆಯೇ ಉಳಿಯುತ್ತದೆ. ರೈಲು ಸಿಗುವುದಿಲ್ಲ. ವಯಸ್ಸಾಗುತ್ತಿರುವ ಇಬ್ಬರೂ ನಡೆಯಲು ಆರಂಭಿಸುತ್ತಾರೆ.

ಇವರಿಬ್ಬರ ನಡಿಗೆಯನ್ನು ಬರೆಯುವಾಗ ನೆಮಿರೊವ್‌ಸ್ಕಿ ಅವರ ಗದ್ಯದ ಲಯವೇ ಬದಲಾಗುತ್ತದೆ. ಬೇರೆ ಪಾತ್ರಗಳನ್ನು ಕುರಿತು ಹರಿತವಾಗಿ, ಕೆಲವೊಮ್ಮೆ ಕ್ರೂರವಾಗಿ ಬರೆಯುವವರು ಇಲ್ಲಿ ಮೆತ್ತಗಾಗುತ್ತಾರೆ. ಇವರು ಯಾವ ಸಾಹಸವನ್ನೂ ಮಾಡುವುದಿಲ್ಲ, ಯಾರ ಪ್ರಾಣವನ್ನೂ ಉಳಿಸುವುದಿಲ್ಲ. ಕಾಲು ಬಾತುಕೊಂಡಿದೆ, ಮಗನ ಸುದ್ದಿಯಿಲ್ಲ, ಕೈಯಲ್ಲಿರುವ ಕೆಲಸ ಉಳಿಯುವ ಭರವಸೆಯೂ ಇಲ್ಲ. ಆದರೂ ಇಬ್ಬರಲ್ಲಿ ಯಾರೂ ಇನ್ನೊಬ್ಬರ ಮೇಲೆ ಹರಿಹಾಯುವುದಿಲ್ಲ; ಸುತ್ತಲಿನವರ ಸಂಕಟಕ್ಕಿಂತ ತಮ್ಮದೇ ದೊಡ್ಡದೆಂದು ಭಾವಿಸುವುದಿಲ್ಲ. ಮೋರಿಸ್‌ನದು ಒಂದು ಬಗೆಯ ನಿರ್ಲಿಪ್ತ ಧೈರ್ಯ. ಬಿರುಗಾಳಿ ಎದ್ದಂತೆ ಇದೂ ಎದ್ದಿದೆ, ಅದು ಅಡಗಿದಂತೆ ಇದೂ ಅಡಗುತ್ತದೆ ಎಂದು ಅವನು ಯೋಚಿಸುತ್ತಾನೆ. ಜೀನ್‌ಳದು ಅಷ್ಟು ಶಾಂತವಾದ ಮನಸ್ಸಲ್ಲ. ಮಗನನ್ನು ನೆನೆದಾಗಲೆಲ್ಲ ಕುಸಿಯುತ್ತಾಳೆ, ಮತ್ತೆ ಎದ್ದು ನಡೆಯುತ್ತಾಳೆ. ರಸ್ತೆಯ ಮೇಲೆ ವಿಮಾನದಾಳಿ ನಡೆದಾಗ ತಾಯಂದಿರು ಮಕ್ಕಳನ್ನು ಮೈಯಿಂದ ಮುಚ್ಚಿಕೊಂಡು ನೆಲಕ್ಕೊರಗುವುದನ್ನು, ಸದ್ದು ನಿಂತ ಬಳಿಕ ಕೆಲವರು ಏಳದೇ ಉಳಿಯುವುದನ್ನು ಇವರ ಕಣ್ಣಿನಿಂದ ನಾವು ನೋಡುತ್ತೇವೆ.

ಮಿಶೋ ದಂಪತಿ ಒಳ್ಳೆಯತನದ ಪುತ್ಥಳಿಗಳಾಗಿಬಿಟ್ಟಿದ್ದಾರೆ ಎಂದು ಆಕ್ಷೇಪಿಸಬಹುದು. ನಾನು ಅದನ್ನು ಒಪ್ಪುವುದಿಲ್ಲ. ಅವರ ಒಳ್ಳೆಯತನದ ಬೇರು ಲೇಖಕಿಗೆ ಗೊತ್ತಿದೆ. ಅದು ಪರಸ್ಪರ ಪ್ರೀತಿಸುವ ಇಬ್ಬರ ದೀರ್ಘ ದಾಂಪತ್ಯ. ದಿನವೂ ಒಬ್ಬ ಮನುಷ್ಯನನ್ನು ಗಮನಿಸುತ್ತ, ಅವನ ದಣಿವನ್ನೂ ಮೌನವನ್ನೂ ಅರಿಯುತ್ತ ಬಂದವರಿಗೆ ಅಪರಿಚಿತರನ್ನು ಗಮನಿಸುವುದೂ ಅಭ್ಯಾಸವಾಗಿರುತ್ತದೆ. ಶಾರ್ಲೊಟ್‌ಳ ದಯೆ ಕರ್ತವ್ಯದಿಂದ ಹುಟ್ಟಿದ್ದು, ಆದ್ದರಿಂದ ಅಂಗಡಿ ಬರಿದಾದ ಕೂಡಲೇ ಬತ್ತುತ್ತದೆ. ಮಿಶೋ ದಂಪತಿಯದು ರೂಢಿಯಿಂದ ಬಂದದ್ದು, ಅದನ್ನು ಬಿಡಬೇಕೆಂದರೂ ಅವರಿಗೆ ಬಿಡಲು ಬರುವುದಿಲ್ಲ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಹೊಳಹು ಇದು. ಅವರಿಗೆ ಇದಕ್ಕಾಗಿ ಬಹುಮಾನವೇನೂ ಸಿಗುವುದಿಲ್ಲ: ಅವರು ತೂರ್ ತಲುಪುವುದೇ ಇಲ್ಲ, ಹಿಂದಿರುಗಿದ ಮೇಲೆ ಬ್ಯಾಂಕು ಅವರನ್ನು ಕೆಲಸದಿಂದ ತೆಗೆದುಹಾಕುತ್ತದೆ.

ಎರಡನೆಯ ಭಾಗದಲ್ಲಿ ರಸ್ತೆಯಿಲ್ಲ, ಗದ್ದಲವಿಲ್ಲ. ‘ದೋಲ್ಚೆ’ಯ ಕೇಂದ್ರದಲ್ಲಿರುವವಳು ಲೂಸಿಲ್ ಆಂಜೆಲಿಯೆ. ಗಂಡ ಜರ್ಮನಿಯಲ್ಲಿ ಯುದ್ಧಕೈದಿ. ಅವನ ಮೇಲೆ ಅವಳಿಗೆ ಪ್ರೀತಿ ಇರಲೂ ಇಲ್ಲ. ಮನೆಯಲ್ಲಿರುವುದು ಅವಳು ಮತ್ತು ಕಠಿಣ ಸ್ವಭಾವದ ಅತ್ತೆ. ಅವರ ಮನೆಗೆ ಬಿಡಾರಕ್ಕೆ ಬರುವವನು ಬ್ರೂನೋ ಫೋನ್ ಫಾಲ್ಕ್ ಎಂಬ ಜರ್ಮನ್ ಅಧಿಕಾರಿ, ಸಂಗೀತ ಸಂಯೋಜಕ. ಇಬ್ಬರ ನಡುವೆ ಮಾತು ಬೆಳೆಯುತ್ತದೆ, ಮಾತಿಗಿಂತ ಆಳವಾದದ್ದೂ ಬೆಳೆಯುತ್ತದೆ. ಈ ಭಾಗವನ್ನು ಆಧರಿಸಿ ಬಂದ ಚಲನಚಿತ್ರ ಪ್ರೇಮಕಥೆಯನ್ನೇ ಮುಂದಿಟ್ಟುಕೊಂಡಿದೆ. ಪುಸ್ತಕದಲ್ಲಿ ಪ್ರೇಮಕ್ಕಿಂತ ಹೆಚ್ಚಿನ ತೂಕವಿರುವುದು ಅದು ಲೂಸಿಲ್‌ಳನ್ನು ಯಾವ ಇಕ್ಕಟ್ಟಿಗೆ ತಂದು ನಿಲ್ಲಿಸುತ್ತದೆ ಎಂಬುದಕ್ಕೆ.

ಬೆನುವಾ ಲಬಾರಿ ಎಂಬ ರೈತ ಸೆರೆಯಿಂದ ತಪ್ಪಿಸಿಕೊಂಡು ಬಂದವನು, ಸಿಡುಕ, ಶ್ರೀಮಂತರನ್ನು ಕಂಡರಾಗದವನು. ವೈಕೌಂಟೆಸ್ ಎಂಬ ಪದವಿಯ ಸಿರಿವಂತೆಯೊಬ್ಬಳ ತೋಟದಲ್ಲಿ ಕಳ್ಳತನ ಮಾಡುವಾಗ ಸಿಕ್ಕಿಬೀಳುತ್ತಾನೆ; ಅವನ ಬಳಿ ಬಂದೂಕಿರುವ ಸಂಗತಿ ಆಕೆಯ ಮನೆಯಿಂದಲೇ ಜರ್ಮನ್ನರಿಗೆ ತಲುಪುತ್ತದೆ. ಬಂಧಿಸಲು ಬಂದಾಗ ಅವನು ತನ್ನ ಮನೆಯಲ್ಲಿ ಬಿಡಾರ ಹೂಡಿದ್ದ ಜರ್ಮನ್ ಅಧಿಕಾರಿಯನ್ನು ಕೊಂದು ಪರಾರಿಯಾಗುತ್ತಾನೆ. ಅವನ ಹೆಂಡತಿ ಮ್ಯಾಡೆಲೀನ್ ಲೂಸಿಲ್ ಬಳಿ ಬಂದು ಆಸರೆ ಕೇಳುತ್ತಾಳೆ. ಊರಿಗೆ ಊರನ್ನೇ ಶೋಧಿಸುತ್ತಿರುವಾಗ, ಜರ್ಮನ್ ಅಧಿಕಾರಿ ವಾಸಿಸುತ್ತಿರುವ ಮನೆಗಿಂತ ಸುರಕ್ಷಿತವಾದ ಜಾಗ ಇನ್ನೊಂದಿಲ್ಲ. ಲೂಸಿಲ್ ಒಪ್ಪುತ್ತಾಳೆ. ಅದಕ್ಕಿಂತ ಅಚ್ಚರಿಯೆಂದರೆ ಅತ್ತೆ ಒಪ್ಪುವುದು. ಕಾಸಿಗೆ ಕಾಸು ಕೂಡಿಡುವ, ರೈತರನ್ನು ಕಂಡರೆ ಮೂಗು ಮುರಿಯುವ ಆ ಮುದುಕಿ ಪ್ರಾಣಾಪಾಯವನ್ನು ಲೆಕ್ಕಿಸದೆ ಅವನನ್ನು ಕಾಯುವ ಹೊಣೆ ಹೊರುತ್ತಾಳೆ. ಅದುವರೆಗೆ ಆಕೆಯನ್ನು ಒಂದೇ ಬಣ್ಣದಲ್ಲಿ ನೋಡಿದ್ದ ಓದುಗರು ಹಿಂದಿನ ಪುಟಗಳಿಗೆ ಮರಳಿ ಹೋಗಿ ಆಕೆಯ ದುಃಖವನ್ನು ಹೊಸದಾಗಿ ಓದಬೇಕಾಗುತ್ತದೆ.

ಎರಡೂ ಭಾಗಗಳನ್ನು ಹೆಣೆಯುವ ಎಳೆ ಇಲ್ಲಿಯೇ ಇದೆ, ಮತ್ತು ಅದನ್ನು ಲೇಖಕಿ ಎಷ್ಟು ಸದ್ದಿಲ್ಲದೆ ಇಟ್ಟಿದ್ದಾರೆಂದರೆ ಅವಸರದ ಓದಿನಲ್ಲಿ ಕಣ್ತಪ್ಪಿಹೋಗಬಹುದು. 1940ರ ಜೂನ್‌ನಲ್ಲಿ ಈ ಊರಿನ ಮೂಲಕ ಹಾದುಹೋದ ನಿರಾಶ್ರಿತರಲ್ಲಿ ಕೆಲವರಿಗೆ ಲೂಸಿಲ್ ತನ್ನ ಮನೆಯಲ್ಲಿ ಮಲಗಲು ಜಾಗ ಕೊಟ್ಟಿದ್ದಳು. ಅವರಲ್ಲಿ ಮಿಶೋ ದಂಪತಿಯೂ ಇದ್ದರು. ಅವರ ಮಗ ಜೀನ್-ಮರಿ ಗಾಯಗೊಂಡು ಬಿದ್ದಿದ್ದಾಗ ಶುಶ್ರೂಷೆ ಮಾಡಿ ಬದುಕಿಸಿದ್ದು ಇದೇ ಲಬಾರಿಯವರ ಹೊಲಮನೆ. ಈಗ ಬೆನುವಾನನ್ನು ಪ್ಯಾರಿಸ್ಸಿಗೆ ಸಾಗಿಸಬೇಕೆಂದಾಗ ಲೂಸಿಲ್‌ಗೆ ನೆನಪಾಗುವ ವಿಳಾಸ ಮಿಶೋ ದಂಪತಿಯದು. ಅಂದು ಅಪರಿಚಿತರಿಗೆ ತೆರೆದ ಬಾಗಿಲು ಇಂದು ಇನ್ನೊಂದು ಬಾಗಿಲಾಗಿ ತೆರೆದುಕೊಳ್ಳುತ್ತದೆ. ಯಾರೂ ಯಾರಿಗೂ ಋಣ ತೀರಿಸುತ್ತಿಲ್ಲ, ಯಾರೂ ಇದನ್ನು ಲೆಕ್ಕವಿಟ್ಟಿಲ್ಲ. ಆದರೆ ಸರ್ಕಾರ, ಸೇನೆ, ಬ್ಯಾಂಕು, ರೈಲು ಎಲ್ಲವೂ ಕೈಕೊಟ್ಟ ದೇಶದಲ್ಲಿ ಒಂದು ರಾತ್ರಿಯ ಆಸರೆಯಿಂದ ಹುಟ್ಟಿದ ಪರಿಚಯವೊಂದೇ ಜೀವ ಉಳಿಸುವ ಜಾಲವಾಗಿ ಉಳಿದುಕೊಂಡಿದೆ.

ಆ ಪ್ರಯಾಣಕ್ಕೆ ಬೇಕಾದ ಪರವಾನಗಿಯನ್ನೂ ಪೆಟ್ರೋಲನ್ನೂ ಲೂಸಿಲ್ ಪಡೆಯುವುದು ಬ್ರೂನೋನಿಂದ. ಅವನು ಏನನ್ನೂ ಸಂಶಯಿಸದೆ, ಅವಳಿಗೆ ನೆರವಾದೆನೆಂಬ ಸಂತೋಷದಿಂದ ಕೊಡುತ್ತಾನೆ. ತಾನು ಮೆಚ್ಚಿದವನನ್ನು, ತನ್ನನ್ನು ನಂಬಿದವನನ್ನು, ಅವನದೇ ಸಂಗಾತಿಯನ್ನು ಕೊಂದವನಿಗಾಗಿ ಅವಳು ವಂಚಿಸುತ್ತಿದ್ದಾಳೆ. ಮನುಷ್ಯತ್ವ ಉಳಿಸಿಕೊಳ್ಳುವುದೆಂದರೆ ಕೈ ಶುದ್ಧವಾಗಿಟ್ಟುಕೊಳ್ಳುವುದಲ್ಲ ಎಂದು ಇಷ್ಟು ನಿಖರವಾಗಿ ತೋರಿಸಿದ ಪ್ರಸಂಗಗಳು ಸಾಹಿತ್ಯದಲ್ಲಿ ವಿರಳ. ಬ್ರೂನೋ ರಾಕ್ಷಸನಾಗಿದ್ದರೆ ಲೂಸಿಲ್‌ಳ ಕೆಲಸ ಸುಲಭವಾಗಿರುತ್ತಿತ್ತು, ಕಾದಂಬರಿ ಮಾತ್ರ ಸಾಧಾರಣವಾಗುತ್ತಿತ್ತು. 1941ರ ಜೂನ್ ಕೊನೆಯಲ್ಲಿ ರಷ್ಯಾದ ಮೇಲೆ ಯುದ್ಧ ಸಾರಿದ ಸುದ್ದಿ ಬಂದು, ಸೈನಿಕರು ಪೂರ್ವದಿಕ್ಕಿಗೆ ಹೊರಟುಹೋಗುವಲ್ಲಿಗೆ ಈ ಭಾಗ ನಿಲ್ಲುತ್ತದೆ.

ಲೇಖಕಿಯ ಬದುಕನ್ನು ಬದಿಗಿಟ್ಟು ಈ ಪುಸ್ತಕವನ್ನು ಓದಲು ಸಾಧ್ಯವೇ ಎಂಬ ಪ್ರಶ್ನೆ ಎದುರಾಗುತ್ತದೆ. 1903ರಲ್ಲಿ ಕೀವ್‌ನಲ್ಲಿ ಶ್ರೀಮಂತ ಯಹೂದಿ ಮನೆತನದಲ್ಲಿ ಹುಟ್ಟಿದ ನೆಮಿರೊವ್‌ಸ್ಕಿ, ರಷ್ಯಾದ ಕ್ರಾಂತಿಯ ನಂತರ ಕುಟುಂಬದೊಂದಿಗೆ ಫಿನ್ಲೆಂಡ್, ಸ್ವೀಡನ್ ಮಾರ್ಗವಾಗಿ 1919ರಲ್ಲಿ ಫ್ರಾನ್ಸ್ ತಲುಪಿದರು. ಅಂದರೆ ದೇಶ ಬಿಟ್ಟು ಓಡುವುದೇನೆಂಬುದು ಅವರಿಗೆ ಹದಿಹರೆಯದಲ್ಲೇ ಗೊತ್ತಿತ್ತು. ಫ್ರೆಂಚ್‌ನಲ್ಲಿ ಬರೆದು ಹೆಸರುವಾಸಿಯಾದರು. ಆದರೆ ಫ್ರೆಂಚ್ ಪೌರತ್ವ ಸಿಗಲೇ ಇಲ್ಲ. 1939ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದ್ದೂ ಅವರನ್ನು ಕಾಪಾಡಲಿಲ್ಲ. ಇಸ್ಸಿ-ಲೇವೆಕ್ ಎಂಬ ಹಳ್ಳಿಯಲ್ಲಿ, ಕೊನೆಯ ವಾರಗಳಲ್ಲಿ ಯಹೂದಿಯೆಂಬ ಗುರುತಿನ ನಕ್ಷತ್ರವನ್ನು ಬಟ್ಟೆಗೆ ಹೊಲಿದುಕೊಂಡು, ಕಾಗದ ಮತ್ತು ಶಾಯಿಯ ಕೊರತೆಯಿಂದಾಗಿ ಅತಿ ಸಣ್ಣ ಅಕ್ಷರಗಳಲ್ಲಿ ಈ ಕಾದಂಬರಿಯನ್ನು ಬರೆದರು. 1942ರ ಜುಲೈ 13ರಂದು ಫ್ರೆಂಚ್ ಪೊಲೀಸರು ಅವರನ್ನು ಬಂಧಿಸಿದರು. ಪಿತಿವಿಯೆ ಶಿಬಿರದಿಂದ ಜುಲೈ 17ರಂದು ನಾಜಿಗಳ ಮರಣಶಿಬಿರವಾದ ಔಶ್ವಿಟ್ಸ್‌ಗೆ ಸಾಗಿಸಲಾಯಿತು. ಆಗಸ್ಟ್ 17ರಂದು, 39ನೇ ವಯಸ್ಸಿನಲ್ಲಿ ಅವರು ಅಲ್ಲಿ ತೀರಿಕೊಂಡರು. ಪತಿ ಮಿಶೆಲ್ ಎಪ್‌ಸ್ಟೈನ್ ಅವರನ್ನೂ ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿಗೇ ಕಳುಹಿಸಿ ಕೊಲ್ಲಲಾಯಿತು. ಹೆಣ್ಣುಮಕ್ಕಳಾದ ಡೆನಿಸ್ ಮತ್ತು ಎಲಿಜಬೆತ್ ಅಡಗುತಾಣದಿಂದ ಅಡಗುತಾಣಕ್ಕೆ ಓಡುತ್ತ ಉಳಿದುಕೊಂಡರು. ಅವರೊಂದಿಗೆ ತಾಯಿಯ ಹಸ್ತಪ್ರತಿಯಿದ್ದ ಸೂಟ್‌ಕೇಸೂ ಉಳಿಯಿತು. ಅದು ದಿನಚರಿಯಿರಬೇಕೆಂದು ಭಾವಿಸಿ, ಓದುವ ನೋವಿಗೆ ಹೆದರಿ ದಶಕಗಳ ಕಾಲ ತೆರೆಯದಿದ್ದ ಡೆನಿಸ್, ಕೊನೆಗೆ ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರವನ್ನೂ ನಕಲು ಮಾಡಿದರು. 2004ರಲ್ಲಿ ದೆನೋಯೆಲ್ ಸಂಸ್ಥೆ ಪ್ರಕಟಿಸಿತು. ಅದೇ ವರ್ಷ ಫ್ರಾನ್ಸಿನ ರೆನೊದೋ ಸಾಹಿತ್ಯ ಪ್ರಶಸ್ತಿ ಬಂತು. ಬದುಕಿಲ್ಲದ ಲೇಖಕರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಪುಸ್ತಕದ ಅನುಬಂಧಗಳು ಕಾದಂಬರಿಯಷ್ಟೇ ಬೆಲೆಯುಳ್ಳವು. ಮೊದಲನೆಯದರಲ್ಲಿ ಲೇಖಕಿಯ ಟಿಪ್ಪಣಿಗಳಿವೆ. ಯುದ್ಧ ಮುಗಿಯುತ್ತದೆ, ಚಾರಿತ್ರಿಕ ವಿವರಗಳು ಮಸುಕಾಗುತ್ತವೆ, ಆದ್ದರಿಂದ 1952ರ ಅಥವಾ 2052ರ ಓದುಗರಿಗೂ ಬೇಕಾಗುವಂಥದ್ದನ್ನು ಬರೆಯಬೇಕೆಂದು ಅವರು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಇನ್ನೊಂದೆಡೆ, ತಮ್ಮ ಕಹಿ ಎಷ್ಟೇ ನ್ಯಾಯವಾಗಿದ್ದರೂ ಅದನ್ನು ಒಂದು ಇಡೀ ಜನಸಮೂಹದ ಮೇಲೆ, ಅವರ ಜನಾಂಗ ಧರ್ಮ ನಂಬಿಕೆ ಏನೇ ಇರಲಿ, ಎಂದೂ ತೀರಿಸಿಕೊಳ್ಳುವುದಿಲ್ಲ ಎಂದು ಪ್ರತಿಜ್ಞೆ ಮಾಡುತ್ತಾರೆ. ತಮ್ಮನ್ನು ತಳ್ಳಿಹಾಕಿದ ಕೆಲವು ವ್ಯಕ್ತಿಗಳನ್ನು ಮಾತ್ರ ಕ್ಷಮಿಸಲಾರೆನೆಂದೂ ಸೇರಿಸುತ್ತಾರೆ. ಈ ಎರಡನೆಯ ಮಾತೇ ಮೊದಲನೆಯದಕ್ಕೆ ಬಲ ಕೊಡುವುದು. ಅವರು ಸಂತರಂತೆ ಮಾತಾಡುತ್ತಿಲ್ಲ, ನೊಂದವರಂತೆ ಮಾತಾಡುತ್ತಿದ್ದಾರೆ. ಬಂಧನಕ್ಕೆ ಎರಡು ದಿನ ಮೊದಲಿನ ಟಿಪ್ಪಣಿಯಲ್ಲಿ ಅವರು ಪೈನ್ ಮರಗಳ ನಡುವೆ, ರಾತ್ರಿಯ ಮಳೆಗೆ ನೆನೆದ ತರಗೆಲೆಗಳ ಮೇಲೆ ನೀಲಿ ಸ್ವೆಟರ್ ಹಾಸಿಕೊಂಡು ಕುಳಿತಿದ್ದಾರೆ. ಚೀಲದಲ್ಲಿ ‘ಅನ್ನಾ ಕರೆನಿನಾ’ದ ಎರಡನೇ ಸಂಪುಟವೂ ಒಂದು ಕಿತ್ತಳೆಹಣ್ಣೂ ಇವೆ.

ಎರಡನೆಯ ಅನುಬಂಧ ಪತ್ರಗಳದು. ಅವರ ಬಂಧನವಾದ ಮೇಲೆ ಪತಿ ಪರಿಚಿತರಿಗೆ, ಪ್ರಕಾಶಕರಿಗೆ, ಜರ್ಮನ್ ರಾಯಭಾರಿಗೆ ಬರೆದ ಪತ್ರಗಳು ಒಂದಾದ ಮೇಲೊಂದು ಬರುತ್ತವೆ. ಕೊನೆಯ ಪತ್ರಗಳ ಹೊತ್ತಿಗೆ ಆಕೆ ತೀರಿಕೊಂಡಾಗಿತ್ತು, ಅದು ಅವರಿಗೆ ತಿಳಿಯದು. ಈ ಕುಟುಂಬದೊಡನೆ ಬಹುಕಾಲ ಒಡನಾಡಿದ್ದೇವೆ, ಇವರು ಸಜ್ಜನರು, ಹಾಗೆಯೇ ನಡೆಸಿಕೊಳ್ಳಿ ಎಂದು ಹಳ್ಳಿಯಿಂದ ಹೊರಡುವ ಮುನ್ನ ಜರ್ಮನ್ ಸೈನಿಕನೊಬ್ಬ ತನ್ನ ಸಂಗಡಿಗರಿಗೆ ಬರೆದುಕೊಟ್ಟ ಚೀಟಿಯೂ ಇಲ್ಲಿದೆ. ‘ದೋಲ್ಚೆ’ಯಲ್ಲಿ ಜರ್ಮನ್ ಯುವಕರನ್ನು ಲೇಖಕಿ ಅಷ್ಟು ಸಹಾನುಭೂತಿಯಿಂದ ಏಕೆ ಚಿತ್ರಿಸಿದರು ಎಂಬ ಪ್ರಶ್ನೆಗೆ ಈ ಚೀಟಿ ಅರ್ಧ ಉತ್ತರ ಕೊಡುತ್ತದೆ. ಆ ಸೈನಿಕನ ಸದ್ಭಾವನೆ ಆ ಕುಟುಂಬದ ಹಿರಿಯರನ್ನು ಉಳಿಸಲಿಲ್ಲ ಎಂಬ ಸಂಗತಿ ಅದರ ಪಕ್ಕದಲ್ಲಿಯೇ ನಿಲ್ಲುತ್ತದೆ. ಫ್ರೆಂಚ್ ಆವೃತ್ತಿಯ ಮುನ್ನುಡಿಯಲ್ಲಿ ಇನ್ನೊಂದು ಸಂಗತಿಯಿದೆ: ಯುದ್ಧ ಮುಗಿದ ಮೇಲೆ ಆ ಇಬ್ಬರು ಹುಡುಗಿಯರು ಅಜ್ಜಿಯ ಮನೆಗೆ ಹೋದಾಗ ಆಕೆ ಬಾಗಿಲನ್ನೇ ತೆರೆಯಲಿಲ್ಲ, ತಂದೆತಾಯಿ ಸತ್ತಿದ್ದರೆ ಅನಾಥಾಲಯಕ್ಕೆ ಹೋಗಿ ಎಂದು ಒಳಗಿನಿಂದಲೇ ಹೇಳಿದಳು. ಲೂಸಿಲ್‌ಳನ್ನು ಸೃಷ್ಟಿಸಿದವರ ಮಕ್ಕಳಿಗೆ ಹೀಗಾಯಿತೆಂಬುದನ್ನು ಓದಿ ಪುಸ್ತಕವನ್ನು ಸ್ವಲ್ಪ ಹೊತ್ತು ಕೆಳಗಿಡಬೇಕಾಯಿತು.

ಒಂದು ಗಂಭೀರವಾದ ಪ್ರಶ್ನೆಯನ್ನು ಎತ್ತದೆ ಈ ವಿಮರ್ಶೆ ಮುಗಿಯದು. 1940ರ ರಸ್ತೆಗಳನ್ನು ಇಷ್ಟು ವಿವರವಾಗಿ ಬರೆದ ಈ ಕಾದಂಬರಿಯ ಮುಖ್ಯ ಪಾತ್ರಗಳಲ್ಲಿ ಒಬ್ಬರೂ ಯಹೂದಿಯಲ್ಲ. ನೆಮಿರೊವ್‌ಸ್ಕಿ ತಮ್ಮ ಹಿಂದಿನ ಕೃತಿಗಳಲ್ಲಿ ಯಹೂದಿ ಪಾತ್ರಗಳನ್ನು ಕಠೋರವಾಗಿ ಚಿತ್ರಿಸಿದ್ದರು, ಯಹೂದಿದ್ವೇಷಿ ಬಲಪಂಥೀಯ ಪತ್ರಿಕೆಗಳಲ್ಲೂ ಕಥೆಗಳನ್ನು ಪ್ರಕಟಿಸಿದ್ದರು ಎಂಬ ಕಾರಣಕ್ಕೆ ಟೀಕೆಗೆ ಗುರಿಯಾಗಿದ್ದಾರೆ. ಆ ಟೀಕೆಯನ್ನು ತಳ್ಳಿಹಾಕಲಾಗದು. ಈ ಗೈರುಹಾಜರಿಯನ್ನು ಅದರ ಮುಂದುವರಿಕೆಯೆಂದು ಓದುವುದು ಮಾತ್ರ ನನಗೆ ಸರಿಯೆನಿಸುವುದಿಲ್ಲ. ಬಟ್ಟೆಯ ಮೇಲೆ ನಕ್ಷತ್ರ ಧರಿಸಿ ಬರೆಯುತ್ತಿದ್ದವರು ತಮ್ಮ ಸಂಕಟವನ್ನು ಪಾತ್ರವಾಗಿಸದೆ, ತಮ್ಮನ್ನು ಹೊರಗಿಟ್ಟ ಸಮಾಜದ ನಡತೆಯನ್ನೇ ತಣ್ಣಗೆ ದಾಖಲಿಸಲು ಹೊರಟರು. ಹಾಗೆ ನೋಡಬೇಕೆಂದು ಟಿಪ್ಪಣಿಯಲ್ಲೂ ಬರೆದುಕೊಂಡಿದ್ದಾರೆ. ಹಾಗಿದ್ದರೂ ಕೊರತೆ ಕೊರತೆಯೇ. ಆ ರಸ್ತೆಗಳಲ್ಲಿ ಹಿಂದಿರುಗಲು ಮನೆಯಿದ್ದವರೂ ಇದ್ದರು, ಹಿಂದಿರುಗುವುದೇ ಸಾವಾಗಿದ್ದವರೂ ಇದ್ದರು. ಕಾದಂಬರಿಯಲ್ಲಿ ಮೊದಲನೆಯವರು ಮಾತ್ರ ಸಿಗುತ್ತಾರೆ.

ಕನ್ನಡದ ಓದುಗರಿಗೆ ಕೆಲವು ಸಲಹೆಗಳು. ಮೊದಲ ಐವತ್ತು ಅರವತ್ತು ಪುಟಗಳಲ್ಲಿ ಹೆಸರುಗಳ ದಟ್ಟಣೆ ಹೆಚ್ಚು. ಕುಟುಂಬಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಎಳೆ ತಪ್ಪುವುದಿಲ್ಲ. ಸ್ಯಾಂಡ್ರಾ ಸ್ಮಿತ್ ಅವರ ಇಂಗ್ಲಿಷ್ ತಿಳಿಯಾಗಿದೆ, ಪ್ರಕೃತಿವರ್ಣನೆ ಬಂದಲ್ಲಿ ವಿಶೇಷವಾಗಿ ಸೊಗಸಾಗಿದೆ. ನಿಘಂಟು ಪಕ್ಕದಲ್ಲಿಟ್ಟುಕೊಳ್ಳುವ ಅಗತ್ಯ ಬೀಳುವುದಿಲ್ಲ. ಲೇಖಕಿಯ ಜೀವನವನ್ನು ಹೇಳುವ ಮುನ್ನುಡಿಯನ್ನೂ ಅನುಬಂಧಗಳನ್ನೂ ಕಾದಂಬರಿ ಮುಗಿದ ಮೇಲೆಯೇ ಓದುವುದು ಒಳ್ಳೆಯದು. ಮೊದಲೇ ಓದಿದರೆ ಪ್ರತಿ ಪುಟದಲ್ಲೂ ಲೇಖಕಿಯ ಸಾವೇ ಕಾಣಿಸುತ್ತ ಪಾತ್ರಗಳು ಹಿಂದೆ ಸರಿದುಬಿಡುತ್ತವೆ. ಮುಗಿದ ಕಥೆಯೇ ಬೇಕೆನ್ನುವವರಿಗೆ, ಪ್ರಶ್ನೆಗಳಿಗೆಲ್ಲ ಉತ್ತರ ಬಯಸುವವರಿಗೆ ಈ ಪುಸ್ತಕ ನಿರಾಸೆ ತರಬಹುದು: ಬೆನುವಾ ಪ್ಯಾರಿಸ್ಸಿನಲ್ಲಿ ಏನಾದ, ಲೂಸಿಲ್‌ಗೆ ಜೀನ್-ಮರಿಯ ಪರಿಚಯ ಎಲ್ಲಿಗೆ ಒಯ್ಯಿತು ಎಂಬುದೆಲ್ಲ ಬರೆಯದೇ ಉಳಿದ ಮೂರನೆಯ ಭಾಗಕ್ಕೆ ಸೇರಿದ್ದು, ಅದರ ರೂಪುರೇಷೆ ಮಾತ್ರ ಟಿಪ್ಪಣಿಗಳಲ್ಲಿ ಸಿಗುತ್ತದೆ. ಉಳಿದವರು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು. ಓದುವ ಬಳಗಗಳಲ್ಲಿ ಚರ್ಚೆಗೆ ಆಯ್ದುಕೊಳ್ಳುವುದಾದರೆ ಶಾರ್ಲೊಟ್ ಮಿಠಾಯಿ ಹಂಚಿಸುವ ಅಧ್ಯಾಯವನ್ನೂ ಲೂಸಿಲ್ ಪರವಾನಗಿ ಕೇಳುವ ಅಧ್ಯಾಯವನ್ನೂ ಜೊತೆಯಾಗಿ ಓದಿಸಬೇಕೆಂದು ನನ್ನ ವಿನಂತಿ.